ಇಂಜಿನ್ ನಾಕಿಂಗ್ ಮತ್ತು ನಾಕ್ ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾಕ್ ಸೆನ್ಸರ್ (ಇಂಜಿನ್ನಿನ ನಾಕಿಂಗ್ ಸದ್ದು ಹಿಡಿಯುವ ಪುಟ್ಟ ಸಾಧನ) ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಕಥೆ. ಚೆಕ್ ಇಂಜಿನ್ ಲೈಟ್ ಬಂತು, ಸ್ಕ್ಯಾನ್ ಮಾಡಿದರು, "ನಾಕ್ ಸೆನ್ಸರ್ ಹೋಗಿದೆ" ಅಂದರು, ಹೊಸದು ಹಾಕಿಸಿದೆ, ಹದಿನೈದು ದಿನಕ್ಕೆ ಮತ್ತೆ ಅದೇ ಲೈಟ್. ಈ ಸೆನ್ಸರ್ ಸುಲಭಕ್ಕೆ ಕೆಡುವ ವಸ್ತುವಲ್ಲ. ಅದರೊಳಗೆ ಉಜ್ಜಿ ಸವೆಯುವ ಭಾಗವೇ ಇಲ್ಲ. ಅದು ಏನನ್ನು ಕೇಳಿಸಿಕೊಳ್ಳುತ್ತದೆ, ಹೇಗೆ ಕೇಳಿಸಿಕೊಳ್ಳುತ್ತದೆ ಅಂತ ಗೊತ್ತಾದರೆ ದುಡ್ಡೂ ಉಳಿಯುತ್ತದೆ, ಇಂಜಿನ್ನೂ ಉಳಿಯುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆದಿದ್ದೇನೆ.

ನಾಕಿಂಗ್ ಅಂದರೆ ನಿಜಕ್ಕೂ ಏನು?

ಸಿಲಿಂಡರ್ ಒಳಗೆ ಪ್ಲಗ್ ಕಿಡಿ ಹಾರಿಸಿದಾಗ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಂದೇ ಸಲ ಸಿಡಿಯುವುದಿಲ್ಲ. ಒಣಹುಲ್ಲಿಗೆ ಒಂದು ತುದಿಯಲ್ಲಿ ಬೆಂಕಿ ಹಚ್ಚಿದ ಹಾಗೆ ಉರಿ ಪ್ಲಗ್ ಕಡೆಯಿಂದ ಗೋಡೆಯ ಕಡೆಗೆ ಹರಡುತ್ತಾ ಹೋಗುತ್ತದೆ. ಹಾಗೆ ಹರಡುವಾಗ ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣವನ್ನು ಅದು ಒತ್ತುತ್ತದೆ, ಕಾಯಿಸುತ್ತದೆ. ಒತ್ತಡ, ಬಿಸಿ ಎರಡೂ ಮಿತಿ ಮೀರಿದರೆ ಉರಿ ಬಂದು ಮುಟ್ಟುವ ಮೊದಲೇ ಆ ಮೂಲೆಯ ಮಿಶ್ರಣ ತಾನಾಗಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆಗ ಏಳುವ ಒತ್ತಡದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಹೊರಗೆ ನಮಗೆ ಅದು ತಗಡಿನ ಡಬ್ಬದಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ.

ಶಬ್ದಕ್ಕಿಂತ ದೊಡ್ಡ ತೊಂದರೆ ಬಿಸಿಯದ್ದು. ಪಿಸ್ಟನ್ ಮೇಲೆ, ಗೋಡೆಯ ಮೇಲೆ ಅನಿಲದ ಒಂದು ತೆಳುವಾದ ಪದರ ಕೂತಿರುತ್ತದೆ, ಅದೇ ಲೋಹವನ್ನು ಉರಿಯಿಂದ ಕಾಯುವುದು. ನಾಕಿಂಗ್ ಅಲೆ ಆ ಪದರವನ್ನು ಕೆದಕಿ ಹಾಕುತ್ತದೆ. ಜೋರಾದ ನಾಕಿಂಗ್ ಹೀಗೇ ಮುಂದುವರಿದರೆ ಪಿಸ್ಟನ್ ಅಂಚು ಇಲಿ ಕಡಿದ ಹಾಗೆ ಆಗುತ್ತದೆ, ರಿಂಗ್ ಕೂರುವ ಜಾಗ ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಕಿವಿಗೇ ಕೇಳುತ್ತದಲ್ಲ, ಸೆನ್ಸರ್ ಯಾಕೆ ಬೇಕು?

ಅಂಬಾಸಡರ್, ಪದ್ಮಿನಿ ಕಾಲದ ಮೆಕ್ಯಾನಿಕ್‌ಗಳು ಕಿವಿಯಲ್ಲೇ ಟೈಮಿಂಗ್, ಅಂದರೆ ಕಿಡಿ ಯಾವ ಹೊತ್ತಿಗೆ ಹಾರಬೇಕು ಅನ್ನುವುದನ್ನು, ಕೂರಿಸುತ್ತಿದ್ದರು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಲಾಂಪ್ ಸ್ವಲ್ಪ ಸಡಿಲ ಮಾಡಿ, ಒಂದಿಷ್ಟು ತಿರುಗಿಸಿ, ಏರಿನಲ್ಲಿ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ನೋಡುವುದು. ಕಟಕಟ ಬಂದರೆ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬಿಗಿ ಮಾಡುವುದು. ನನಗೆ ಆ ಕೆಲಸದ ಮೇಲೆ ಅಪಾರ ಗೌರವವಿದೆ. ಇನ್ನೊಂದು ಅಭ್ಯಾಸವೂ ಇತ್ತು: ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಬ್ಲಾಕಿಗೆ (ಸಿಲಿಂಡರ್‌ಗಳಿರುವ ಇಂಜಿನ್ನಿನ ಲೋಹದ ಒಡಲು) ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳುವುದು. ನಾಕ್ ಸೆನ್ಸರ್ ಅಂದರೆ ಆ ಸ್ಕ್ರೂಡ್ರೈವರೇ, ಬ್ಲಾಕಿಗೆ ಬೋಲ್ಟ್ ಹಾಕಿ ಕೂರಿಸಿದ್ದು.

ಆದರೆ ಕಿವಿಗೆ ಮಿತಿ ಇದೆ. 5000 ಆರ್‌ಪಿಎಂನಲ್ಲಿ ಗಾಳಿ, ಟೈರ್, ಇಂಜಿನ್ ಸದ್ದಿನ ನಡುವೆ ಚಾಲಕನಿಗೆ ನಾಕಿಂಗ್ ಕೇಳುವುದೇ ಇಲ್ಲ, ಹಾನಿ ಜಾಸ್ತಿ ಆಗುವುದು ಅಲ್ಲೇ. ಮತ್ತೆ ಕಿವಿಯಲ್ಲಿ ಕೂರಿಸಿದ ಟೈಮಿಂಗ್ ಒಂದೇ ಜಾಗದಲ್ಲಿ ನಿಂತಿರುತ್ತದೆ. ಆಗಿನ ಇಂಜಿನ್‌ಗಳ ಕಂಪ್ರೆಶನ್ ಅನುಪಾತ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವ ಲೆಕ್ಕ) 8ರ ಆಸುಪಾಸು ಅಥವಾ ಅದಕ್ಕೂ ಕಡಿಮೆ, ಹಾಗಾಗಿ ನಡೆಯುತ್ತಿತ್ತು. ಈಗಿನ ಪೆಟ್ರೋಲ್ ಇಂಜಿನ್‌ಗಳಲ್ಲಿ 10, 11, 12 ಸಾಮಾನ್ಯ. ಅವು ನಾಕಿಂಗ್ ಅಂಚಿಗೆ ಅಂಟಿಕೊಂಡೇ ಓಡುತ್ತವೆ, ಏಕೆಂದರೆ ಪಿಕಪ್ಪೂ ಮೈಲೇಜೂ ಸಿಗುವುದು ಆ ಅಂಚಿನಲ್ಲೇ.

ಸೆನ್ಸರ್ ಒಳಗೆ ಏನಿದೆ?

ಬಹಳ ಸರಳ. ಪೀಜೋ ಸೆರಾಮಿಕ್‌ನ ಒಂದು ಉಂಗುರ, ಅದರ ಮೇಲೆ ಒಂದು ಲೋಹದ ತೂಕ, ಎರಡನ್ನೂ ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್, ಸುತ್ತ ಪ್ಲಾಸ್ಟಿಕ್. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಪಿಯರ್ ಮತ್ತು ಜಾಕ್ ಕ್ಯೂರಿ ಅಣ್ಣತಮ್ಮಂದಿರು 1880ರಲ್ಲೇ ತೋರಿಸಿದ್ದರು. ಇಲ್ಲಿ ಆಗುವುದೂ ಅಷ್ಟೇ. ಬ್ಲಾಕ್ ನಡುಗುತ್ತದೆ, ಮೇಲಿನ ತೂಕ ತಕ್ಷಣ ಜೊತೆಗೆ ಬರುವುದಿಲ್ಲ, ನಡುವಿನ ಉಂಗುರ ಹಿಂಡಿ ಹೋಗುತ್ತದೆ, ಎರಡು ತಂತಿಗಳ ನಡುವೆ ವೋಲ್ಟೇಜ್ ಕಾಣುತ್ತದೆ. ಹೊರಗಿನಿಂದ ಸಪ್ಲೈ ಬೇಡ. ಸಾಮಾನ್ಯ ಸೆನ್ಸರ್ ಒಂದು 'ಜಿ' (ಭೂಮಿಯ ಸೆಳೆತದಷ್ಟು ವೇಗೋತ್ಕರ್ಷ) ಕಂಪನಕ್ಕೆ ಕೊಡುವುದು ಕೆಲವು ಹತ್ತು ಮಿಲಿವೋಲ್ಟ್ ಮಾತ್ರ. ಈ ಅಂಕಿ ನೆನಪಿಡಿ. ಇಷ್ಟು ಸಣ್ಣ ಸಿಗ್ನಲ್‌ಗೆ ಕನೆಕ್ಟರ್ ಒಳಗಿನ ಒಂದು ಹನಿ ನೀರೂ ದೊಡ್ಡ ಶತ್ರು.

ಎರಡು ಜಾತಿ ಇವೆ. ನಡುವೆ ತೂತಿರುವ ಉದ್ದಿನವಡೆ ಆಕಾರದ್ದು ಈಗ ಎಲ್ಲಾ ಕಡೆ ಸಿಗುವಂಥದ್ದು, ಅದು ಕೆಳಗಿನ ಕಂಪನದಿಂದ ಮೇಲಿನದರವರೆಗೆ ಎಲ್ಲವನ್ನೂ ಹೆಚ್ಚುಕಡಿಮೆ ಸಮನಾಗಿ ಕೇಳುತ್ತದೆ. ಹಳೆಯ ಕೆಲವು ಕಾರುಗಳಲ್ಲಿ ಬೋಲ್ಟಿನ ಹಾಗೆ ತಾನೇ ತಿರುಗಿ ಕೂರುವ ಸೆನ್ಸರ್ ಇರುತ್ತದೆ, ಅದನ್ನು ಆ ಇಂಜಿನ್ನಿನ ನಾಕಿಂಗ್ ಸ್ವರಕ್ಕೇ ಶ್ರುತಿ ಮಾಡಿರುತ್ತಾರೆ. ಒಂದರ ಬದಲು ಇನ್ನೊಂದು ಹಾಕಲು ಬರುವುದಿಲ್ಲ.

ನಾಕಿಂಗ್‌ಗೆ ಸ್ವರ ಇದೆಯಾ?

ಇದೆ, ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಘಟಂ ನೆನಪಿಸಿಕೊಳ್ಳಿ. ದೊಡ್ಡ ಘಟಕ್ಕೆ ದಪ್ಪ ದನಿ, ಚಿಕ್ಕದಕ್ಕೆ ಸಣ್ಣ ದನಿ. ಸಿಲಿಂಡರ್ ಕೂಡ ಅನಿಲ ತುಂಬಿದ ಪಾತ್ರೆಯೇ ಅಲ್ವಾ? ಅದರ ಬೋರ್, ಅಂದರೆ ಒಳಗಿನ ದುಂಡನೆಯ ತೂತು, ಎಷ್ಟು ಅಗಲವೋ ಅದಕ್ಕೆ ತಕ್ಕ ಸ್ವರದಲ್ಲಿ ಒತ್ತಡದ ಅಲೆ ಅತ್ತಿತ್ತ ಓಡುತ್ತದೆ. ಅಮೆರಿಕದ ಎಂಐಟಿಯಲ್ಲಿದ್ದ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ 1930ರ ದಶಕದಲ್ಲಿ ಈ ಲೆಕ್ಕವನ್ನು ಇಂಜಿನ್‌ಗೆ ಹಚ್ಚಿ ನೋಡಿದರು. ಮುಂದೆ ಚಂದ್ರನಿಗೆ ಹೋದ ಅಪೊಲೋ ನೌಕೆಗೆ ದಾರಿ ತೋರುವ ವ್ಯವಸ್ಥೆ ಮಾಡಿದ್ದು ಅವರದ್ದೇ ಪ್ರಯೋಗಾಲಯ.

ಕೈಲೆಕ್ಕ ಹೀಗೆ: 900 ಅನ್ನು ಪೈ ಮತ್ತು ಬೋರಿನ ಅರ್ಧ ಅಗಲ, ಅಂದರೆ ಮಿಲಿಮೀಟರಿನಲ್ಲಿ ತ್ರಿಜ್ಯ, ಇವೆರಡರ ಗುಣಲಬ್ಧದಿಂದ ಭಾಗಿಸಿ. ಬರುವುದು ಕಿಲೋಹರ್ಟ್ಜ್. 80 ಎಂಎಂ ಬೋರಿಗೆ 7.2 ಬರುತ್ತದೆ, 70 ಎಂಎಂಗೆ 8.2, 90 ಎಂಎಂಗೆ 6.4. ಈ 900ರ ಒಳಗೆ ಉರಿಯುವ ಅನಿಲದಲ್ಲಿ ಶಬ್ದದ ವೇಗ ಅಡಗಿದೆ, ಅದು ನಾವು ಉಸಿರಾಡುವ ಗಾಳಿಯಲ್ಲಿನ ವೇಗದ ಸುಮಾರು ಮೂರು ಪಟ್ಟು. ಬಿಸಿ ಬದಲಾದರೆ ಸ್ವರವೂ ಸ್ವಲ್ಪ ಸರಿಯುತ್ತದೆ, ಹಾಗಾಗಿ ಲೆಕ್ಕದ ಉತ್ತರವನ್ನು ನಡುಬಿಂದು ಅಂತ ತಿಳಿಯಿರಿ. ಮೊದಲ ಸ್ವರದ ಜೊತೆಗೆ ಸುಮಾರು 1.66 ಪಟ್ಟು ಮೇಲೆ ಇನ್ನೊಂದು ಸ್ವರ ಇರುತ್ತದೆ, 80 ಎಂಎಂ ಇಂಜಿನ್ನಿನಲ್ಲಿ 12 ಕಿಲೋಹರ್ಟ್ಜ್ ಹತ್ತಿರ. ಕೆಳಗಿನ ಸ್ವರದಲ್ಲಿ ಇಂಜಿನ್ನಿನ ಬೇರೆ ಗಲಾಟೆ ತುಂಬಿದ್ದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಈ ಎರಡನೆಯದನ್ನೇ ನೋಡುವಂತೆ ಮಾಡುವುದೂ ಉಂಟು.

ವಾಲ್ವ್, ಚೈನ್, ಇಂಜೆಕ್ಟರ್ ಎಲ್ಲವೂ ಸದ್ದು ಮಾಡುತ್ತವೆ. ಗೊಂದಲ ಆಗುವುದಿಲ್ಲವೇ?

ಆಗುತ್ತದೆ. ಅದಕ್ಕೇ ಇಸಿಯು ಇಡೀ ಹೊತ್ತು ಕೇಳುವುದಿಲ್ಲ. ನಾಕಿಂಗ್ ಬರುವುದು ಕಿಡಿ ಹಾರಿದ ಮೇಲೆ, ಪಿಸ್ಟನ್ ತುದಿ ಮುಟ್ಟಿ ಇಳಿಯಲು ಶುರು ಮಾಡಿದಾಗ. ಆದ್ದರಿಂದ ಪಿಸ್ಟನ್ ತುದಿ ದಾಟಿದ ಮೇಲೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸುಮಾರು 10 ಡಿಗ್ರಿ ತಿರುಗಿದಲ್ಲಿಂದ 60, 70 ಡಿಗ್ರಿಯವರೆಗೆ ಮಾತ್ರ ಒಂದು ಕಿಟಕಿ ತೆರೆಯುತ್ತದೆ. ಉಳಿದ ಹೊತ್ತಿನಲ್ಲಿ ವಾಲ್ವ್ ಎಷ್ಟು ಬಡಿದುಕೊಂಡರೂ ಲೆಕ್ಕಕ್ಕಿಲ್ಲ.

ಆ ಕಿಟಕಿ ಎಷ್ಟು ಚಿಕ್ಕದು ನೋಡಿ. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. 60 ಡಿಗ್ರಿ ಅಂದರೆ 3.3 ಮಿಲಿಸೆಕೆಂಡು. 7 ಕಿಲೋಹರ್ಟ್ಜ್ ಸ್ವರ ಆ ಹೊತ್ತಿನಲ್ಲಿ 23 ಸಲ ನಡುಗುತ್ತದೆ, ಅಷ್ಟೇ. 6000ಕ್ಕೆ ಹೋದರೆ ಸಿಗುವುದು ಅದರ ಅರ್ಧ. ಇಷ್ಟರಲ್ಲೇ ಇದು ನಾಕಿಂಗ್ ಹೌದೋ ಅಲ್ಲವೋ ಅಂತ ತೀರ್ಮಾನ ಆಗಬೇಕು. ಕಿಟಕಿಯಿಂದ ಇನ್ನೊಂದು ಲಾಭವೂ ಇದೆ. ಆ ಹೊತ್ತಿನಲ್ಲಿ ಉರಿಯುತ್ತಿರುವುದು ಯಾವ ಸಿಲಿಂಡರ್ ಅಂತ ಇಸಿಯುಗೆ ಗೊತ್ತಿರುವುದರಿಂದ, ಒಂದೇ ಸೆನ್ಸರ್ ಇದ್ದರೂ ನಾಕಿಂಗ್ ಮಾಡಿದ್ದು 1ನೆಯದೋ 3ನೆಯದೋ ಅಂತ ಹೇಳಬಲ್ಲದು. ಸಾಲಾಗಿರುವ ನಾಲ್ಕು ಸಿಲಿಂಡರಿನ ಇಂಜಿನ್‌ಗಳಲ್ಲಿ ಸೆನ್ಸರ್ ಸಾಮಾನ್ಯವಾಗಿ 2 ಮತ್ತು 3ರ ನಡುವೆ ಬ್ಲಾಕಿನ ಮೇಲೆ, ಬಹಳ ಸಲ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಇರುತ್ತದೆ. ವಿ ಆಕಾರದ ಇಂಜಿನ್ ಆದರೆ ಎರಡು ಸೆನ್ಸರ್.

ಎಲೆಕ್ಟ್ರಾನಿಕ್ಸ್ ಭಾಗ ಹೇಗಿರುತ್ತದೆ?

ಸೆನ್ಸರ್ ಸಿಗ್ನಲ್ ಮೊದಲು ದೊಡ್ಡದಾಗುತ್ತದೆ. ಆಮೇಲೆ ನಾಕಿಂಗ್ ಸ್ವರದ ಆಸುಪಾಸನ್ನು ಮಾತ್ರ ಬಿಡುವ ಫಿಲ್ಟರ್. ಆಮೇಲೆ ಕೆಳಗಿನ ಅಲೆಗಳನ್ನೆಲ್ಲ ಮೇಲಕ್ಕೆ ಮಡಚುವ ರೆಕ್ಟಿಫೈಯರ್. ಕೊನೆಗೆ ಕಿಟಕಿ ತೆರೆದಷ್ಟೂ ಹೊತ್ತು ಕೂಡುತ್ತಾ ಹೋಗುವ ಇಂಟಿಗ್ರೇಟರ್. ಪ್ರತಿ ಉರಿಗೆ ಒಂದು ಅಂಕಿ ಕೈಗೆ ಸಿಗುತ್ತದೆ. ಇದನ್ನೆಲ್ಲ ಒಂದೇ ಚಿಪ್ಪಿನಲ್ಲಿ ಮಾಡುವ ಎಚ್‌ಐಪಿ9011, ಟಿಪಿಐಸಿ8101 ಥರದವು ಹವ್ಯಾಸಿಗಳಿಗೂ ಪರಿಚಿತ. ಹೊಸ ಇಸಿಯುಗಳಲ್ಲಿ ಸಿಗ್ನಲ್ಲನ್ನು ನೇರವಾಗಿ ಡಿಜಿಟಲ್ ಮಾಡಿ ಪ್ರೊಸೆಸರ್ ಒಳಗೇ ಲೆಕ್ಕ ಹಾಕುತ್ತಾರೆ.

ಆದರೆ ಆ ಅಂಕಿ ಒಂದೇ ಇದ್ದರೆ ಪ್ರಯೋಜನವಿಲ್ಲ. 2000 ಆರ್‌ಪಿಎಂನಲ್ಲಿ ಗಲಾಟೆ ಅನ್ನಿಸುವ ಮಟ್ಟ 5000ದಲ್ಲಿ ಮಾಮೂಲು. ಹಾಗಾಗಿ ಇಸಿಯು ಪ್ರತಿ ಸಿಲಿಂಡರಿಗೂ ಇತ್ತೀಚಿನ ಉರಿಗಳ ಸರಾಸರಿ ಇಟ್ಟುಕೊಂಡು, ಹೊಸ ಅಂಕಿ ಅದಕ್ಕಿಂತ ಎಷ್ಟು ಪಟ್ಟು ಜಾಸ್ತಿ ಅಂತ ನೋಡುತ್ತದೆ. ಹಿನ್ನೆಲೆ ಸದ್ದು ಏರಿದರೆ ಸರಾಸರಿಯೂ ಏರುತ್ತದೆ. ಇಡೀ ವ್ಯವಸ್ಥೆಯ ಜಾಣತನ ಇಲ್ಲಿದೆ ಅಂತ ನನ್ನ ಅಭಿಪ್ರಾಯ.

ನಾಕಿಂಗ್ ಸಿಕ್ಕ ಮೇಲೆ ಏನಾಗುತ್ತದೆ?

ಆ ಸಿಲಿಂಡರಿನ ಕಿಡಿಯನ್ನು ತಕ್ಷಣ ಎರಡು ಮೂರು ಡಿಗ್ರಿ ತಡ ಮಾಡುತ್ತದೆ. ಮತ್ತೆ ಬಂದರೆ ಇನ್ನಷ್ಟು. ನಿಂತ ಮೇಲೆ ಒಮ್ಮೆಲೇ ವಾಪಸ್ ಹೋಗುವುದಿಲ್ಲ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಮುಂದಕ್ಕೆ ಬಂದು ಅಂಚನ್ನು ಮತ್ತೆ ಮುಟ್ಟಿ ನೋಡುತ್ತದೆ. ಟರ್ಬೊ ಇದ್ದರೆ ಬೂಸ್ಟನ್ನೂ (ಟರ್ಬೊ ಒಳಗೆ ತುರುಕುವ ಗಾಳಿಯ ಒತ್ತಡ) ಇಳಿಸಬಹುದು. ಟರ್ಬೊ ಕಾರುಗಳಿಂದಲೇ ಈ ಸೆನ್ಸರ್ ರಸ್ತೆಗೆ ಬಂದದ್ದು: 1978ರ ಬ್ಯೂಕ್ ಟರ್ಬೊ ವಿ6ನಲ್ಲಿ ನಾಕಿಂಗ್ ಕೇಳಿ ಟೈಮಿಂಗ್ ಹಿಂದೆ ತರುವ ಏರ್ಪಾಡಿತ್ತು. 1980ರ ದಶಕದ ಶುರುವಿನಲ್ಲಿ ಸ್ವೀಡನ್ನಿನ ಸಾಬ್ ತನ್ನ ಎಪಿಸಿ ವ್ಯವಸ್ಥೆಯಲ್ಲಿ ನಾಕಿಂಗ್ ನೋಡಿಕೊಂಡು ಬೂಸ್ಟನ್ನೇ ಹೊಂದಿಸಿತು. ಅದರಿಂದ ಬೇರೆ ಬೇರೆ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಇರುವ ಪೆಟ್ರೋಲ್ ಹಾಕಿದರೂ ಇಂಜಿನ್ ತಾನೇ ಸುಧಾರಿಸಿಕೊಳ್ಳುತ್ತಿತ್ತು.

ಮಂಗಳೂರಿನಿಂದ ಬರುವಾಗ ಘಾಟಿಯಲ್ಲಿ ಕಟಕಟ ಬರುತ್ತದೆ, ಬೆಂಗಳೂರಿನಲ್ಲಿ ಬರುವುದಿಲ್ಲ. ಯಾಕೆ?

ಬೆಂಗಳೂರು 900 ಮೀಟರಿಗೂ ಎತ್ತರ. ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಟರ್ಬೊ ಇಲ್ಲದ ಇಂಜಿನ್ನಿಗೆ ಕಡಿಮೆ ಗಾಳಿ ಅಂದರೆ ಕಡಿಮೆ ಒತ್ತಡ, ನಾಕಿಂಗ್ ಕೂಡ ಕಡಿಮೆ. ಕರಾವಳಿಯಲ್ಲಿ ಗಾಳಿ ದಟ್ಟ, ಸೆಕೆ ಬೇರೆ. ಅಲ್ಲಿಂದ ಕಾರಿನ ತುಂಬ ಜನ, ಡಿಕ್ಕಿ ತುಂಬ ಸಾಮಾನು ತುಂಬಿಕೊಂಡು ಶಿರಾಡಿ ಘಾಟಿಯ ಬುಡದಲ್ಲಿ ನಾಲ್ಕನೇ ಗೇರಿನಲ್ಲೇ ಎಳೆಸಿದರೆ ನಾಕಿಂಗ್‌ಗೆ ಬೇಕಾದ್ದೆಲ್ಲ ಒಟ್ಟಿಗೆ ಸೇರುತ್ತದೆ. ಗೇರ್ ಇಳಿಸಿ, ಆರ್‌ಪಿಎಂ ಏರಲು ಬಿಡಿ. ಉರಿಯದ ಮಿಶ್ರಣ ಬಿಸಿಯಲ್ಲಿ ಕೂರುವ ಹೊತ್ತು ಕಡಿಮೆಯಾಗುತ್ತದೆ. ಅರ್ಧ ಸೆಕೆಂಡು ಸಣ್ಣಗೆ ಕೇಳಿ ನಿಂತರೆ ಹೆದರಬೇಡಿ, ಸೆನ್ಸರ್ ತನ್ನ ಕೆಲಸ ಮಾಡಿತು ಅಂತ ಅರ್ಥ. ಗೇರ್ ಇಳಿಸಿದ ಮೇಲೂ ನಿಲ್ಲದೆ ಬರುತ್ತಿದ್ದರೆ ತೋರಿಸಬೇಕು.

ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲಿನಿಂದ ನಾಕಿಂಗ್ ಹೆಚ್ಚುತ್ತದಾ?

ಇಲ್ಲ, ಉಲ್ಟಾ. ಎಥನಾಲ್‌ನ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಮೇಲೆ, ಜೊತೆಗೆ ಅದು ಆವಿಯಾಗುವಾಗ ಒಳಗೆ ತಂಪು ಮಾಡುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಇ20 ಬಿಡುಗಡೆ ಆದದ್ದು. ಮೈಲೇಜ್ ಕಡಿಮೆ ಆಗುತ್ತದೆ ಅನ್ನುವ ದೂರು ಬೇರೆ, ಲೀಟರಿಗೆ ಎಥನಾಲ್‌ನ ಶಕ್ತಿಯೇ ಕಡಿಮೆ. ರಬ್ಬರ್ ಭಾಗಗಳ ಪ್ರಶ್ನೆಯೂ ಬೇರೆ. ನಾಕಿಂಗ್ ವಿಷಯದಲ್ಲಿ ಮಾತ್ರ ಇ20ಯನ್ನು ದೂರಬೇಡಿ.

ಸ್ಕ್ಯಾನರಿನಲ್ಲಿ ಪಿ0325 ಅನ್ನುವ ಕೋಡ್ ಬಂದಿದೆ. ಸೆನ್ಸರ್ ಬದಲಾಯಿಸಲೇ?

ನಿಲ್ಲಿ. ಪಿ0325 ಅಂದರೆ ಸೆನ್ಸರ್ ಸರ್ಕ್ಯೂಟ್‌ನಲ್ಲಿ ತೊಂದರೆ ಅಂತ. ಪಿ0327 ಅಂದರೆ ಸಿಗ್ನಲ್ ತೀರಾ ಕಡಿಮೆ, ಪಿ0328 ಅಂದರೆ ತೀರಾ ಜಾಸ್ತಿ. ಸರ್ಕ್ಯೂಟ್ ಅಂದಾಗ ತಂತಿ, ಕನೆಕ್ಟರ್, ಬೋಲ್ಟ್ ಎಲ್ಲ ಬಂತು. ಮೊದಲು ಕನೆಕ್ಟರ್ ಬಿಚ್ಚಿ ಪಚ್ಚೆ ಕಟ್ಟಿದೆಯಾ, ನೀರಿದೆಯಾ ನೋಡಿ. ಆಮೇಲೆ ತಂತಿಯ ಉದ್ದಕ್ಕೂ ಕೈಯಾಡಿಸಿ. ನಮ್ಮಲ್ಲಿ ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಮೇಲೆ ಬಂದು ಕೂರುವ ಇಲಿಗಳು ತಂತಿ ಕಡಿಯುವುದು ದಿನನಿತ್ಯದ ಕಥೆ. ತಂತಿಗೆ ಶೀಲ್ಡ್ (ಸುತ್ತಲಿನ ಲೋಹದ ಹೊದಿಕೆ) ಇದ್ದರೆ ಅದು ಕಿತ್ತಿದೆಯಾ ನೋಡಿ. ಕಿತ್ತಿದ್ದರೆ ಇಗ್ನಿಷನ್ ಕಾಯಿಲ್‌ನ ವಿದ್ಯುತ್ ಗದ್ದಲ ಸಿಗ್ನಲ್ ಒಳಗೆ ನುಗ್ಗುತ್ತದೆ. ಶೀಲ್ಡನ್ನು ಅರ್ಥ್ ಮಾಡುವುದು ಇಸಿಯು ಕಡೆ ಮಾತ್ರ, ಸೆನ್ಸರ್ ಕಡೆಯೂ ಬ್ಲಾಕಿಗೆ ಕಟ್ಟಬೇಡಿ.

ಇದೆಲ್ಲ ಸರಿ ಇದ್ದರೆ ಬೋಲ್ಟ್.

ಬೋಲ್ಟ್ ಬಿಗಿ ಅಷ್ಟು ಮುಖ್ಯವಾ?

ನಾನು ಇದನ್ನು ದುಡ್ಡು ಕೊಟ್ಟು ಕಲಿತೆ. ನನ್ನ ಕಾರಿನ ಮ್ಯಾನಿಫೋಲ್ಡ್ ಕೆಲಸಕ್ಕೆ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ವಾಪಸ್ ಬಂದ ಮೇಲೆ ಲೈಟ್ ಇಲ್ಲ, ಕೋಡ್ ಇಲ್ಲ, ಆದರೆ ಪಿಕಪ್ ಸತ್ತಿತ್ತು, ಮೈಲೇಜ್ 17ರಿಂದ 14ಕ್ಕೆ ಇಳಿದಿತ್ತು. ಪ್ಲಗ್, ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್ ಎಲ್ಲಾ ಆಯಿತು. ಕೊನೆಗೆ ಸ್ಕ್ಯಾನರಿನಲ್ಲಿ ಟೈಮಿಂಗ್ ನೋಡುತ್ತಾ ಓಡಿಸಿದಾಗ 3000 ದಾಟಿದ ತಕ್ಷಣ ಡಿಗ್ರಿಗಳು ಸುಮ್ನೆ ಕೆಳಗಿಳಿಯುತ್ತಿದ್ದವು. ಬಿಚ್ಚಿ ನೋಡಿದರೆ ನಾಕ್ ಸೆನ್ಸರ್ ಮತ್ತು ಬ್ಲಾಕಿನ ನಡುವೆ ಯಾರೋ ಒಂದು ಸ್ಪ್ರಿಂಗ್ ವಾಷರ್ ಹಾಕಿದ್ದರು. ಒಳ್ಳೆಯ ಉದ್ದೇಶದಿಂದಲೇ ಹಾಕಿರಬೇಕು, ಬೋಲ್ಟ್ ಸಡಿಲ ಆಗದಿರಲಿ ಅಂತ. ಆ ವಾಷರ್ ಮೇಲೆ ಸೆನ್ಸರ್ ತಾನೇ ಗಲಗಲ ಅನ್ನುತ್ತಿತ್ತು, ಇಸಿಯು ಅದನ್ನೇ ನಾಕಿಂಗ್ ಅಂದುಕೊಳ್ಳುತ್ತಿತ್ತು. ವಾಷರ್ ತೆಗೆದು, ಎರಡೂ ಮುಖ ಒರೆಸಿ, ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿದೆ. ಮೊದಲ ಏರಿನಲ್ಲೇ ವ್ಯತ್ಯಾಸ ಗೊತ್ತಾಯಿತು.

ಉಂಗುರದ ಆಕಾರದ ಸೆನ್ಸರಿಗೆ ಎಂ8 ಬೋಲ್ಟ್, ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಬಿಗಿ. ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ಸಡಿಲ ಇದ್ದರೆ ಮೇಲಿನ ಸ್ವರಗಳು ಸೆನ್ಸರ್ ತನಕ ತಲುಪುವುದಿಲ್ಲ, ಅತಿ ಬಿಗಿಯಾದರೆ ಸೆರಾಮಿಕ್ ಬಿರುಕು ಬಿಡಬಹುದು. ಕೆಳಗೆ ವಾಷರ್ ಬೇಡ, ಪೇಂಟ್ ಬೇಡ, ಗಮ್ ಬೇಡ, ಗ್ರೀಸೂ ಬೇಡ. ಲೋಹಕ್ಕೆ ಲೋಹ ಕೂರಬೇಕು.

ಮಲ್ಟಿಮೀಟರಿನಲ್ಲಿ ಚೆಕ್ ಮಾಡಬಹುದಾ?

ಅರ್ಧ ಮಾತ್ರ. ಬಹಳಷ್ಟು ಸೆನ್ಸರ್‌ಗಳು 1 ಮೆಗಾಓಮ್‌ಗಿಂತ ಜಾಸ್ತಿ ತೋರಿಸುತ್ತವೆ, ಅದು ಓಪನ್ ಅಂತ ಎಸೆಯಬೇಡಿ, ಅದೇ ಸರಿ. ಒಳಗೆ ರೆಸಿಸ್ಟರ್ ಇರುವ ಜಾತಿಯಲ್ಲಿ, ಉದಾಹರಣೆಗೆ ಟೊಯೊಟಾದ ಅನೇಕ ಇಂಜಿನ್‌ಗಳಲ್ಲಿ, 120ರಿಂದ 280 ಕಿಲೋಓಮ್ ಬರಬೇಕು. ಸೊನ್ನೆ ಹತ್ತಿರ ಬಂದರೆ ಸೆನ್ಸರ್ ಖಂಡಿತ ಹೋಗಿದೆ. ಸರಿಯಾದ ಓಮ್ ಬಂದ ಮಾತ್ರಕ್ಕೆ ಕಿವಿ ಸರಿ ಇದೆ ಅಂತ ಮಾತ್ರ ಹೇಳಲಾಗದು. ಆಸಿಲೋಸ್ಕೋಪ್ ಹಚ್ಚಿ ಹತ್ತಿರದ ಬ್ಲಾಕ್ ಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಗಂಟೆ ಬಡಿದ ಹಾಗೆ ಅಲೆ ಎದ್ದು ಕರಗಬೇಕು. ಐಡಲ್‌ನಲ್ಲಿ ತಟ್ಟಿ ಟೈಮಿಂಗ್ ಇಳಿಯುತ್ತದಾ ನೋಡುವ ಹಳೆಯ ಪದ್ಧತಿ ಹೊಸ ಕಾರುಗಳಲ್ಲಿ ನಂಬಲು ಆಗದು. ಲೋಡ್ ಇಲ್ಲದಾಗ ಅನೇಕ ಇಸಿಯುಗಳು ನಾಕಿಂಗ್ ಕೇಳುವುದೇ ಇಲ್ಲ.

ಸೆನ್ಸರ್ ಕಿತ್ತು ಅದರ ಜಾಗಕ್ಕೆ ರೆಸಿಸ್ಟರ್ ಹಾಕಿದರೆ ಲೈಟ್ ಆರುತ್ತದೆ ಅಂತಾರೆ?

ದಯವಿಟ್ಟು ಮಾಡಬೇಡಿ. ಲೈಟ್ ಆರಬಹುದು, ಇಂಜಿನ್ ಕಿವುಡಾಗುತ್ತದೆ. ಸೆನ್ಸರ್ ಕೆಟ್ಟಿದೆ ಅಂತ ಗೊತ್ತಾದ ಇಸಿಯು ಟೈಮಿಂಗ್ ಹಿಂದೆ ಇಟ್ಟು ಇಂಜಿನ್ನನ್ನು ಕಾಪಾಡುತ್ತದೆ. ರೆಸಿಸ್ಟರ್ ಹಾಕಿದರೆ ಎಲ್ಲಾ ಸರಿ ಇದೆ ಅಂತ ನಂಬಿ ಪೂರ್ತಿ ಮುಂದೆ ಇಡುತ್ತದೆ.

ಬೈಕ್‌ಗಳಲ್ಲಿ, ಡೀಸೆಲ್‌ನಲ್ಲಿ ಇದು ಇರುತ್ತದಾ?

ಸಣ್ಣ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಇಲ್ಲ, ಟೈಮಿಂಗನ್ನು ಮೊದಲೇ ಸ್ವಲ್ಪ ಹಿಂದೆ ಇಟ್ಟಿರುತ್ತಾರೆ. ಡೀಸೆಲ್ ಇಂಜಿನ್ ಓಡುವುದೇ ತಾನಾಗಿ ಹೊತ್ತಿಕೊಳ್ಳುವುದರಿಂದ, ಆದ್ದರಿಂದ ಪೆಟ್ರೋಲ್ ಅರ್ಥದ ನಾಕಿಂಗ್ ಅಲ್ಲಿಲ್ಲ. ಆದರೂ ಕೆಲವು ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಇದೇ ಥರದ ಸೆನ್ಸರ್ ಇರುತ್ತದೆ. ಅದು ಇಂಜೆಕ್ಟರ್ ಸವೆದ ಹಾಗೆ ಪೈಲಟ್ ಇಂಜೆಕ್ಷನ್ (ಮುಖ್ಯ ಪಾಲಿಗಿಂತ ಮೊದಲು ಚಿಮ್ಮಿಸುವ ಚೂರು ಡೀಸೆಲ್) ಅಳತೆ ತಿದ್ದಲು.

ಟರ್ಬೊ ಪೆಟ್ರೋಲ್ ಕಾರಿನಲ್ಲಿ ಒಮ್ಮೆ ಮಾತ್ರ "ಠಣ್" ಅಂತ ಜೋರಾಗಿ ಬಡಿದರೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಡಿಮೆ ಆರ್‌ಪಿಎಂ, ಜಾಸ್ತಿ ಬೂಸ್ಟ್ ಇದ್ದಾಗ ಕಿಡಿ ಹಾರುವ ಮೊದಲೇ ಆಯಿಲ್ ಹನಿ ಅಥವಾ ಕಾರ್ಬನ್ ಚೂರಿನಿಂದ ಮಿಶ್ರಣ ಹೊತ್ತಿಕೊಳ್ಳುವುದುಂಟು. ಸೆನ್ಸರ್ ಅದನ್ನು ಕೇಳುತ್ತದೆ, ಆದರೆ ಕಿಡಿಗಿಂತ ಮೊದಲೇ ಬೆಂಕಿ ಹತ್ತಿದ ಮೇಲೆ ಕಿಡಿಯನ್ನು ತಡ ಮಾಡಿ ಪ್ರಯೋಜನವಿಲ್ಲ. ಒಂದೆರಡು ಸಲಕ್ಕೇ ಪಿಸ್ಟನ್ ಮುರಿಯಬಹುದು. 1500 ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ. ಆಯಿಲ್ ಡಬ್ಬದ ಮೇಲೆ ಎಪಿಐ ಎಸ್‌ಎನ್ ಪ್ಲಸ್ ಅಥವಾ ಎಸ್‌ಪಿ ಅಂತ ಇದೆಯಾ ನೋಡಿ. ಈ ದರ್ಜೆಗಳಲ್ಲಿ ಇದೇ ತೊಂದರೆಯ ಪರೀಕ್ಷೆ ಸೇರಿದೆ.

ನಾನೇ ನಾಕಿಂಗ್ ಕೇಳಿ, ಕಣ್ಣಿಂದಲೂ ನೋಡಬಹುದಾ?

ಖಂಡಿತ. ಅಂಗಡಿಯಲ್ಲಿ ಸಿಗುವ ಯಾವುದೇ ಉಂಗುರ ಸೆನ್ಸರ್ ತಂದು ಬ್ಲಾಕಿನ ಖಾಲಿ ಎಂ8 ತೂತಿಗೆ ಬಿಗಿ ಮಾಡಿ. ಕಾರಿನ ಸ್ವಂತ ಸೆನ್ಸರನ್ನು ಮುಟ್ಟಬೇಡಿ. ಶೀಲ್ಡ್ ತಂತಿಯಲ್ಲಿ ಒಂದು ಪುಟ್ಟ ಆಂಪ್ಲಿಫೈಯರ್ ಮೂಲಕ ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿಗೆ ಕೊಡಿ. 48 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡಿದರೆ 24ರವರೆಗಿನ ಸ್ವರ ಸಿಗುತ್ತದೆ, ನಮಗೆ ಬೇಕಾದ್ದು ಅದರೊಳಗೇ ಇದೆ. ಪಕ್ಕದಲ್ಲಿ ಒಬ್ಬರು ಕೂತು ಲ್ಯಾಪ್‌ಟಾಪ್ ನೋಡಿಕೊಳ್ಳಲಿ, ಓಡಿಸುವವರು ರಸ್ತೆ ಮಾತ್ರ ನೋಡಲಿ. ಮನೆಗೆ ಬಂದು ಆಡಾಸಿಟಿ ಅನ್ನುವ ಸೌಂಡ್ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಹೊತ್ತಿನಲ್ಲಿ ಯಾವ ಸ್ವರ ಅಂತ ತೋರಿಸುವ ಚಿತ್ರ) ತೆರೆಯಿರಿ. ವಾಲ್ವ್ ಸದ್ದು ಮೇಲಿನಿಂದ ಕೆಳಗೆ ಇಡೀ ಗೆರೆಯಾಗಿ ಕಾಣುತ್ತದೆ. ನಾಕಿಂಗ್ ಆದ ಕಡೆ ನಿಮ್ಮ ಬೋರಿನ ಲೆಕ್ಕಕ್ಕೆ ಹತ್ತಿರದ ಎತ್ತರದಲ್ಲಿ ಒಂದು ಹೊಳಪಿನ ಚುಕ್ಕೆ, ಅದರ ಮೇಲೆ ಇನ್ನೊಂದು ಮಸುಕಾದ ಚುಕ್ಕೆ. ಮೊದಲ ಸಲ ಅದನ್ನು 7 ಕಿಲೋಹರ್ಟ್ಜ್ ಗೆರೆಯ ಪಕ್ಕದಲ್ಲೇ ಕಂಡಾಗ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.